ಮಾತು ಕೊಟ್ಟ ಮೇಲೆ ಹೊಲ ಯಾರದು?

ಕೊಡುವ ಕೊಳ್ಳುವ ವ್ಯವಹಾರವಿಲ್ಲದೆ ಸಂಸಾರ ಸಾಗದು. ಬಿತ್ತುವ ಬೀಜದಿಂದ ಹಿಡಿದು ಮಗಳ ಮದುವೆಯ ಬಂಗಾರದವರೆಗೆ ನಾವು ದಿನವೂ ಯಾರಿಗಾದರೂ ಮಾತು ಕೊಡುತ್ತೇವೆ, ಯಾವುದಾದರೂ ವಸ್ತುವನ್ನು ನಮ್ಮದಾಗಿಸಿಕೊಳ್ಳುತ್ತೇವೆ. ಮಾತು ಕೊಡುವುದು ಕರಾರು. ವಸ್ತು ನಮ್ಮದಾಗುವುದು ಒಡೆತನ. ಇವೆರಡೂ ಒಂದೇ ಕ್ರಿಯೆಯ ಎರಡು ಹೆಸರೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಇವುಗಳ ನಡುವೆ ಒಂದು ಅಂತರವಿದೆ. ಎಷ್ಟೋ ಮನೆತನಗಳು ಆ ಅಂತರದಲ್ಲಿ ಎಡವಿ, ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು, ಹೊಲವನ್ನೂ ನೆಮ್ಮದಿಯನ್ನೂ ಕಳೆದುಕೊಂಡಿವೆ. ಈ ಅಂತರವೇಕಿದೆ, ಅದರೊಳಗೆ ಸಜ್ಜನನು ನಡೆದುಕೊಳ್ಳಬೇಕಾದ ರೀತಿ ಯಾವುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಒಬ್ಬ ರೈತ ತನ್ನ ನಾಲ್ಕು ಎಕರೆ ಹೊಲವನ್ನು ಎಕರೆಗೆ 6 ಲಕ್ಷದಂತೆ ಮಾರಲು ಒಪ್ಪಿದನೆಂದು ಇಟ್ಟುಕೊಳ್ಳಿ. 2 ಲಕ್ಷ ಸಂಚಕಾರ ತೆಗೆದುಕೊಂಡ, ಹಿರಿಯರ ಸಮಕ್ಷಮ ಕರಾರು ಪತ್ರಕ್ಕೆ ಸಹಿ ಹಾಕಿದ, ಆರು ತಿಂಗಳೊಳಗೆ ಖರೀದಿ ಮಾಡಿಕೊಡುವೆನೆಂದ. ನಾಲ್ಕನೆಯ ತಿಂಗಳಲ್ಲಿ ಆ ಕಡೆ ದೊಡ್ಡ ರಸ್ತೆ ಬರುವ ಸುದ್ದಿ ಹರಡಿತು. ಮತ್ತೊಬ್ಬ ಬಂದು ಎಕರೆಗೆ 9 ಲಕ್ಷ ಕೊಡುವೆನೆಂದ. ಈಗ ಹೊಲ ಯಾರದು? ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿದರೆ, "ಮಾತು ಕೊಟ್ಟ ಮೇಲೆ ಮುಗಿಯಿತು, ಹೊಲ ಮೊದಲು ಮಾತಾಡಿದವನದು" ಎನ್ನುತ್ತಾರೆ. ವಕೀಲರನ್ನು ಕೇಳಿದರೆ, "ಖರೀದಿ ಪತ್ರ ನೋಂದಣಿ ಆಗುವವರೆಗೆ ಹೊಲ ಮಾರುವವನದೇ" ಎನ್ನುತ್ತಾರೆ. ಹಾಗಾದರೆ ಹಿರಿಯರು ತಿಳಿಯದವರೇ, ಇಲ್ಲವೆ ಕಾಯ್ದೆ ಧರ್ಮವರಿಯದ್ದೇ? ಎರಡೂ ಅಲ್ಲವೆಂಬುದು ನಮ್ಮ ಅಭಿಪ್ರಾಯ. ಅವರಿಬ್ಬರೂ ಉತ್ತರ ಕೊಡುತ್ತಿರುವುದು ಬೇರೆ ಬೇರೆ ಪ್ರಶ್ನೆಗಳಿಗೆ.

ಗಡಿಭಾಗದಲ್ಲಿರುವ ನಮಗೆ ಇದೇ ಕಾಗದಕ್ಕೆ ಹಲವು ಹೆಸರುಗಳಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಕರಾರಿಗೆ ಸಾಠೇಖತ್ ಎಂದೂ ಮಾರಾಟದ ಪತ್ರಕ್ಕೆ ಖರೀದಿಖತ್ ಎಂದೂ ಕರೆಯುತ್ತಾರೆ. ಕಾಸರಗೋಡು, ವಯನಾಡಿನ ಕಡೆ ನೋಂದಾಯಿತ ಪತ್ರಕ್ಕೆ ಆಧಾರವೆಂದೇ ಹೆಸರು. ಹೊಸೂರು, ತಾಳವಾಡಿ, ಮಡಕಶಿರಾ ಭಾಗದಲ್ಲಿ ಕ್ರಯಪತ್ರ ಎನ್ನುವುದು ರೂಢಿ. ಹೆಸರು ಏನೇ ಇರಲಿ, ಇದರ ಹಿಂದಿರುವ ಮುಖ್ಯ ಕಾಯ್ದೆ ಒಂದೇ: 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 54ನೆಯ ಕಲಮಿನ ತಾತ್ಪರ್ಯ ಇಷ್ಟು: 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗಬೇಕು, ಮುಂದೆ ಮಾರುತ್ತೇನೆಂಬ ಕರಾರು ತನ್ನಷ್ಟಕ್ಕೆ ತಾನೇ ಆ ಆಸ್ತಿಯಲ್ಲಿ ಯಾವ ಹಕ್ಕನ್ನೂ ಬೋಜಾವನ್ನೂ ಹುಟ್ಟಿಸುವುದಿಲ್ಲ. ಈ ಮಾತು ಬ್ರಿಟಿಷರ ದೇಶದ ಕಾಯ್ದೆಯ ನಕಲೂ ಅಲ್ಲ. ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ಭೂಮಿ ಮಾರುವ ಕರಾರು ಆದೊಡನೆ ಕೊಳ್ಳುವವನಿಗೆ ಆ ಭೂಮಿಯಲ್ಲಿ ಒಂದು ಬಗೆಯ ಹಕ್ಕು ಬರುತ್ತದೆ. ನಮ್ಮ ಕಾಯ್ದೆ ಆ ದಾರಿಯನ್ನು ಹಿಡಿಯಲಿಲ್ಲ.

ಇದಕ್ಕೆ ಕಾರಣವೇನು? ಕರಾರಿನ ಸ್ವಭಾವವನ್ನೂ ಒಡೆತನದ ಸ್ವಭಾವವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾರಣ ತಿಳಿಯುತ್ತದೆ. ಕರಾರು ಇಬ್ಬರನ್ನು ಕಟ್ಟುವ ಹಗ್ಗ. ಅದರ ಒಂದು ತುದಿ ಕೊಟ್ಟವನ ಕೈಯಲ್ಲಿ, ಇನ್ನೊಂದು ತುದಿ ಪಡೆದವನ ಕೈಯಲ್ಲಿ. ದಾರಿಯಲ್ಲಿ ಹೋಗುವ ಮೂರನೆಯವನಿಗೆ ಆ ಹಗ್ಗ ಕಾಣುವುದಿಲ್ಲ, ಅವನನ್ನು ಅದು ಕಟ್ಟುವುದೂ ಇಲ್ಲ. ಒಡೆತನ ಹೊಲದ ಸುತ್ತಲಿನ ಬದುವಿನಂತೆ. ನಾನು ಹೊಲದ ಒಡೆಯನೆಂದರೆ ಊರಿನವರು, ಪರವೂರಿನವರು, ನಾನು ಮುಖ ನೋಡದ ಜನ, ಇನ್ನೂ ಹುಟ್ಟದ ಮಕ್ಕಳು ಎಲ್ಲರೂ ನನ್ನ ಅಪ್ಪಣೆಯಿಲ್ಲದೆ ಅದರೊಳಗೆ ಕಾಲಿಡಬಾರದು. ಅವರ್ಯಾರೂ ನನಗೆ ಮಾತು ಕೊಟ್ಟಿಲ್ಲ. ಆದರೂ ಅವರೆಲ್ಲರ ಮೇಲೆ ಕರ್ತವ್ಯ ಬಿದ್ದಿದೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಪ್ರಕಟಿಸಿದ ತನ್ನ ನೀತಿಗ್ರಂಥದಲ್ಲಿ ಇದನ್ನೇ ವಿಚಾರಿಸಿದ್ದಾನೆ. ಕರಾರಿನಿಂದ ನನಗೆ ದೊರೆಯುವುದು ವಸ್ತುವಲ್ಲ, ವಸ್ತುವನ್ನು ಕೊಡುವೆನೆಂಬ ಇನ್ನೊಬ್ಬನ ಮಾತು. ವಸ್ತು ನನ್ನದಾಗಬೇಕಾದರೆ ಅದನ್ನು ಒಪ್ಪಿಸುವ ಕ್ರಿಯೆ ನಡೆಯಬೇಕು ಎಂಬುದು ಅವನ ಅಭಿಪ್ರಾಯ.

ಈಗ ವಕೀಲರ ಉತ್ತರದ ಹಿಂದಿರುವ ನ್ಯಾಯ ಕಾಣುತ್ತದೆ. ಇಬ್ಬರು ನಾಲ್ಕು ಗೋಡೆಯೊಳಗೆ ಆಡಿಕೊಂಡ ಮಾತು ಲೋಕವನ್ನೆಲ್ಲ ಕಟ್ಟುವುದಾದರೆ, ಆ ಮಾತನ್ನು ಕೇಳದೆ ಹಣ ಸುರಿದ ನಿರಪರಾಧಿಯ ಗತಿ ಏನು? ಹೇಳದೆ ಇದ್ದವನನ್ನು ಕಟ್ಟುವುದು ಅನ್ಯಾಯ. ಆದ್ದರಿಂದ ಲೋಕವನ್ನೆಲ್ಲ ಕಟ್ಟುವ ಒಡೆತನ ಲೋಕಕ್ಕೆ ತಿಳಿಯುವ ರೀತಿಯಲ್ಲೇ ಕೈ ಬದಲಾಗಬೇಕು.

ಈ ವಿಚಾರ ನಮಗೆ ಪರದೇಶದಿಂದ ಬಂದದ್ದಲ್ಲ. ಬಸವಾದಿ ಶರಣರು ಕಲ್ಯಾಣಕ್ಕೆ ಬರುವುದಕ್ಕೆ ಕೆಲವು ದಶಕಗಳ ಮುಂಚೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ, ಅದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳದ ಕಡೆಯನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ಕಾಯ್ದೆಗೆ ಅದೇ ತಳಹದಿಯಾಯಿತು. ಒಡೆತನವೆಂಬುದು ಶಾಸ್ತ್ರ ಹೇಳಿದ್ದರಿಂದ ಹುಟ್ಟುವುದಲ್ಲ, ಅದು ಲೌಕಿಕ, ಅಂದರೆ ಲೋಕದ ವ್ಯವಹಾರದಿಂದಲೇ ಸಿದ್ಧವಾದದ್ದು ಎಂದು ಅವನು ವಾದಿಸಿದ. ಭೂಮಿ ಕೈ ಬದಲಾಗುವಾಗ ಊರಿನವರು, ಬಂಧುಗಳು, ನೆರೆಹೊಲದವರು, ದಾಯಾದಿಗಳು ಇವರ ಒಪ್ಪಿಗೆಯೂ ಬಂಗಾರ ಮತ್ತು ನೀರು ಬಿಡುವ ವಿಧಿಯೂ ಬೇಕೆಂಬ ಹಳೆಯ ಮಾತನ್ನು ಅವನು ವಿವರಿಸಿದ ಬಗೆ ಇಂದಿಗೂ ಮೆಚ್ಚುವಂಥದು. ಊರಿನ ಒಪ್ಪಿಗೆ ಬೇಕಾದುದು ವ್ಯವಹಾರ ಬಹಿರಂಗವಾಗಲೆಂದು. ಊರು ಒಪ್ಪದಿದ್ದರೆ ವ್ಯವಹಾರವೇ ಬೀಳುತ್ತದೆಂದಲ್ಲ. ನೆರೆಹೊಲದವರ ಒಪ್ಪಿಗೆ ಬೇಕಾದುದು ಮುಂದೆ ಬದುವಿನ ತಂಟೆ ಬಾರದಿರಲೆಂದು. ಪಾಲಾಗದ ಬಂಧುಗಳ ಒಪ್ಪಿಗೆ ಮಾತ್ರ ಅನಿವಾರ್ಯ. ಏಕೆಂದರೆ ಆಸ್ತಿಯಲ್ಲಿ ಅವರಿಗೂ ಒಡೆತನವುಂಟು. ಇಂದಿನ ಸಬ್ ರಜಿಸ್ಟ್ರಾರ್ ಕಚೇರಿ ಮಾಡುತ್ತಿರುವುದೂ ಅಂದಿನ ಊರ ಕಟ್ಟೆ ಮಾಡುತ್ತಿದ್ದ ಈ ಸಾರುವ ಕೆಲಸವನ್ನೇ.

ಲೋಕದ ಎಲ್ಲ ದೇಶಗಳೂ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲವೆಂಬುದನ್ನೂ ತಿಳಿದಿರಬೇಕು. ನೆಪೋಲಿಯನ್ನನ ಕಾಲದಲ್ಲಿ, 1804ರಲ್ಲಿ ಬಂದ ಫ್ರಾನ್ಸಿನ ಸಿವಿಲ್ ಸಂಹಿತೆ, ವಸ್ತು ಮತ್ತು ಬೆಲೆಯ ಬಗ್ಗೆ ಇಬ್ಬರೂ ಒಪ್ಪಿದೊಡನೆ ಅವರಿಬ್ಬರ ಮಟ್ಟಿಗೆ ಒಡೆತನ ದಾಟಿತೆಂದಿತು. 1900ರಲ್ಲಿ ಜಾರಿಗೆ ಬಂದ ಜರ್ಮನಿಯ ಸಂಹಿತೆ, ಕರಾರು ಬೇರೆ, ಒಡೆತನ ದಾಟಿಸುವುದು ಬೇರೆ, ಭೂಮಿಯಾದರೆ ದಾಟಿಸುವ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಹೇಳಿ ಸರ್ಕಾರಿ ದಾಖಲೆಯಲ್ಲಿ ಬರೆಸಬೇಕು ಎಂದಿತು. ಒಂದು ದೇಶ ಮಾತಿಗೆ ಹೆಚ್ಚು ಬಲ ಕೊಟ್ಟಿತು, ಇನ್ನೊಂದು ಬಹಿರಂಗ ಕ್ರಿಯೆಗೆ ಹೆಚ್ಚು ಬಲ ಕೊಟ್ಟಿತು.

ನಮ್ಮ ದೇಶದಲ್ಲಿಯೂ ಒಕ್ಕಲುತನದ ಭೂಮಿಗೆ ಒಂದು ನಿಯಮ, ಅಂಗಡಿಯ ಸರಕಿಗೆ ಇನ್ನೊಂದು ನಿಯಮ. ವ್ಯಾಪಾರಸ್ಥ ಬಂಧುಗಳು 1930ರ ಸರಕು ಮಾರಾಟ ಕಾಯ್ದೆಯನ್ನು ಗಮನಿಸಬೇಕು. ಗೋದಾಮಿನಲ್ಲಿ ಬೇರೆ ತೆಗೆದಿಟ್ಟ, ಗುರುತು ಮಾಡಿದ 40 ಚೀಲ ಜೋಳವನ್ನು, ತೂಕವೂ ಆಗಿ ಒಯ್ಯಲು ಸಿದ್ಧವಿರುವಾಗ, ಯಾವ ಷರತ್ತೂ ಇಲ್ಲದೆ ಮಾರಿದರೆ, ಬೇರೆ ಉದ್ದೇಶ ಕಂಡುಬಾರದಿದ್ದಲ್ಲಿ, ಮಾತು ಮುಗಿದ ಕ್ಷಣವೇ ಆ ಜೋಳ ಕೊಂಡವನದು. ಹಣ ನಾಳೆ ಕೊಟ್ಟರೂ, ಚೀಲ ನಾಡಿದ್ದು ಎತ್ತಿದರೂ ಅದು ಬದಲಾಗದು. ಅಂದು ರಾತ್ರಿ ಮಳೆ ಬಂದು ಜೋಳ ನೆನೆದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ನಷ್ಟವೂ ಕೊಂಡವನದೇ. ಬೆಲೆ ಗೊತ್ತುಮಾಡಲು ಮಾರುವವನು ಇನ್ನೂ ತೂಕ ಮಾಡಿಕೊಡಬೇಕಾಗಿದ್ದರೆ, ಆ ತೂಕ ಮುಗಿದು ಕೊಳ್ಳುವವನಿಗೆ ತಿಳಿಯುವವರೆಗೆ ಒಡೆತನ ದಾಟದು. "ಈ ಸಲದ ಸುಗ್ಗಿಯ ಜೋಳ ನೂರು ಚೀಲ ಕೊಡುತ್ತೇನೆ" ಎಂದಷ್ಟೇ ಹೇಳಿದ್ದರೆ, ಯಾವ ನೂರು ಚೀಲವೆಂದು ಗೊತ್ತಾಗುವ ತನಕ ಕೊಂಡವನಿಗೆ ಇರುವುದು ಮಾತು ಮಾತ್ರ. ಆದವಾನಿಯ ಹತ್ತಿಗೂ ಸೊಲ್ಲಾಪುರದ ಉಳ್ಳಾಗಡ್ಡಿಗೂ ಇದೇ ನ್ಯಾಯ.

ಚೀಲಕ್ಕೆ ಹಗುರ ನಿಯಮ, ಹೊಲಕ್ಕೆ ಬಿಗಿ ನಿಯಮ ಏಕೆ? ಸರಕು ದಿನಕ್ಕೆ ಮೂರು ಕೈ ಬದಲಾಗುವಂಥದು. ಪ್ರತಿ ಚೀಲಕ್ಕೂ ನೋಂದಣಿ ಬೇಕೆಂದರೆ ಪೇಟೆ ನಿಂತುಹೋಗುತ್ತದೆ. ಚೀಲ ಯಾರ ಅಂಗಡಿಯಲ್ಲಿದೆಯೆಂಬುದೇ ಬಹುಮಟ್ಟಿಗೆ ಅದರ ಒಡೆಯನನ್ನು ತೋರಿಸುತ್ತದೆ. ಹೊಲವನ್ನು ಹೆಗಲ ಮೇಲೆ ಹೊತ್ತು ಮನೆಗೆ ಒಯ್ಯಲಾಗದು. ತಲೆಮಾರುಗಳವರೆಗೆ ಅದು ಇದ್ದಲ್ಲೇ ಇರುತ್ತದೆ, ಅದರ ಮೇಲೆ ಹತ್ತು ಜನರ ಹಕ್ಕು, ಸಾಲ, ದಾರಿ, ನೀರು ಸೇರಿಕೊಂಡಿರುತ್ತವೆ. ಆದ್ದರಿಂದ ಅದರ ಒಡೆತನ ಸದ್ದಿಲ್ಲದೆ ದಾಟಬಾರದೆಂಬುದು ಕಾಯ್ದೆಯ ಹವಣಿಕೆ.

ಇಷ್ಟು ಕೇಳಿದ ಮೇಲೆ, "ಹಾಗಾದರೆ ಕೊಟ್ಟ ಮಾತಿಗೆ ಬೆಲೆಯೇ ಇಲ್ಲವೇ?" ಎಂದು ಯಾರಾದರೂ ಕೇಳಬಹುದು. ಬೆಲೆಯುಂಟು. ಕಾಯ್ದೆ ಕರಾರಿನಿಂದ ಹೊಲವನ್ನು ದಾಟಿಸದಿದ್ದರೂ ಮಾತು ಕೊಟ್ಟವನನ್ನು ಸುಮ್ಮನೆ ಬಿಟ್ಟಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ ಕೊಳ್ಳುವವನು ಕೋರ್ಟಿಗೆ ಹೋಗಿ, ಮಾತಿನಂತೆ ಖರೀದಿ ಮಾಡಿಕೊಡಿಸಿರೆಂದು ಕೇಳಬಹುದು. ಹಿಂದೆ ಇಂಥ ಆದೇಶ ಕೊಡುವುದು ನ್ಯಾಯಾಧೀಶರ ವಿವೇಚನೆಗೆ ಸೇರಿತ್ತು. 2018ರ ತಿದ್ದುಪಡಿಯ ನಂತರ, ಕಾಯ್ದೆ ಹೇಳಿದ ಮಿತಿಗಳೊಳಗೆ, ಅದನ್ನು ಕೊಡುವುದೇ ನಿಯಮವಾಗಿದೆ. ಕೊಳ್ಳುವವನು ಮುಂಗಡ ಕೊಟ್ಟ ಹಣಕ್ಕೆ, ತಪ್ಪು ಅವನದಲ್ಲದಿದ್ದಲ್ಲಿ, ಆ ಹೊಲದ ಮೇಲೆಯೇ ಬೋಜಾ ಕೂರುತ್ತದೆ.

ಎಲ್ಲಕ್ಕಿಂತ ವಿಚಾರಮಾಡತಕ್ಕದ್ದು ಮೂರನೆಯವನ ಸಂಗತಿ. ಎಕರೆಗೆ 9 ಲಕ್ಷ ಕೊಡಲು ಬಂದವನಿಗೆ ಮೊದಲಿನ ಕರಾರಿನ ಸುಳಿವೇ ಇರಲಿಲ್ಲ, ವಿಚಾರಿಸಿದರೂ ತಿಳಿಯುವಂತಿರಲಿಲ್ಲ, ಪೂರ್ತಿ ಹಣ ಕೊಟ್ಟು ನಿಷ್ಕಪಟವಾಗಿ ಖರೀದಿ ಮಾಡಿಕೊಂಡನೆಂದರೆ ಕಾಯ್ದೆ ಅವನನ್ನು ಕಾಪಾಡುತ್ತದೆ. ಆದರೆ ಅವನಿಗೆ ಮೊದಲಿನ ಕರಾರು ಗೊತ್ತಿತ್ತು, ಗೊತ್ತಿದ್ದೂ ಕೊಂಡ ಎಂದಾದರೆ ಮೊದಲಿನವನು ಅವನ ಮೇಲೂ ದಾವೆ ಹೂಡಿ ಹೊಲ ಬರೆಸಿಕೊಳ್ಳಬಹುದು. 1882ರ ಟ್ರಸ್ಟ್ ಕಾಯ್ದೆಯ 91ನೆಯ ಕಲಮು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ಜಾರಿಗೆ ತರಬಹುದಾದ ಅಂಥ ಕರಾರಿದೆಯೆಂದು ತಿಳಿದೂ ಆಸ್ತಿ ಪಡೆದವನು, ಆ ಕರಾರನ್ನು ನೆರವೇರಿಸಲು ಬೇಕಾದಷ್ಟರ ಮಟ್ಟಿಗೆ, ಆ ಆಸ್ತಿಯನ್ನು ಮೊದಲಿನವನ ಹಿತಕ್ಕಾಗಿ ಇಟ್ಟುಕೊಂಡಿರಬೇಕು. ಹೊಲವನ್ನು ಇನ್ನೊಬ್ಬ ತನ್ನ ಹಕ್ಕೆಂದು ಉಳುತ್ತಿರುವಾಗ, "ನೀನು ಯಾವ ಆಧಾರದ ಮೇಲೆ ಉಳುತ್ತಿದ್ದೀಯಪ್ಪಾ?" ಎಂದು ಕೇಳದೆ ಕೊಂಡವನಿಗೂ ವಿಷಯ ಗೊತ್ತಿತ್ತೆಂದೇ ಕಾಯ್ದೆ ಭಾವಿಸುತ್ತದೆ.

ಇದರ ಅರ್ಥವನ್ನು ನಿಧಾನವಾಗಿ ನೋಡಿರಿ. ಕರಾರಿನ ಹಗ್ಗ ಮೂರನೆಯವನನ್ನು ಕಟ್ಟುವುದಿಲ್ಲವೆಂದೆವು. ಆದರೆ ಅವನು ಆ ಹಗ್ಗವನ್ನು ಕಣ್ಣಾರೆ ಕಂಡಮೇಲೂ ಹಾದುಹೋದರೆ ಅದು ಅವನ ಕಾಲಿಗೂ ಸುತ್ತಿಕೊಳ್ಳುತ್ತದೆ. ಮಾತಿಗೂ ಒಡೆತನಕ್ಕೂ ನಡುವಿನ ಅಂತರದ ಮೇಲೆ ಕಾಯ್ದೆ ಕಟ್ಟಿರುವ ಸೇತುವೆಯ ಹೆಸರು ಅರಿವು. ಅರಿಯದವನಿಗೆ ದೋಷವಿಲ್ಲ, ಅರಿತೂ ಅರಿಯದಂತೆ ನಟಿಸಿದವನಿಗೆ ರಕ್ಷಣೆಯಿಲ್ಲ. ಅರಿವನ್ನು ದೊಡ್ಡದೆಂದು ನಂಬಿ ಬಂದ ನಮ್ಮಂಥವರಿಗೆ ಇದನ್ನು ಒಪ್ಪುವುದು ಕಷ್ಟವಾಗಬಾರದು. ಇನ್ನೊಬ್ಬನ ಕರಾರಾಗಿದೆಯೆಂದು ತಿಳಿದ ಹೊಲಕ್ಕೆ ಹೆಚ್ಚಿನ ಬೆಲೆ ಕೂಗುವುದು ವ್ಯಾಪಾರದ ಜಾಣತನವೆಂದು ಕೆಲವರು ಹೇಳಿಕೊಳ್ಳುವುದುಂಟು. ಅದು ಬೇರೆಯವನ ಮಾತನ್ನು ಮುರಿಸಲು ಕೊಡುವ ಲಂಚವೆಂದೇ ನಾವು ತಿಳಿಯುತ್ತೇವೆ.

ಇನ್ನು ಮಾರುವವನ ಮನಸ್ಸಿನ ಕಡೆಗೆ ಬರೋಣ. ಬೆಲೆ ಏರಿದಾಗ ಅವನಿಗೆ ತಾನು ಮೋಸಹೋದೆನೆಂದು ಅನಿಸುವುದು ಸಹಜ. ಆದರೆ ಬೆಲೆ ಇಳಿದಿದ್ದರೆ? ಆಗ ಅವನೇ ಕರಾರು ಪತ್ರ ಹಿಡಿದು ಕೊಳ್ಳುವವನ ಬಾಗಿಲು ತಟ್ಟುತ್ತಿದ್ದ. ನಾಳೆ ಧಾರಣೆ ಹೇಗಿರುತ್ತದೋ ತಿಳಿಯದೆಂಬ ಕಾರಣಕ್ಕೇ ಇಬ್ಬರೂ ಇಂದು ಮಾತು ಕಟ್ಟಿಕೊಳ್ಳುವುದು. ಧಾರಣೆ ತನಗೆ ಅನುಕೂಲವಾಗಿದ್ದಾಗ ಮಾತ್ರ ನಡೆಸುವ ಮಾತು ಮಾತೇ ಅಲ್ಲ. ಕೊಳ್ಳುವವನೂ ಇಲ್ಲಿ ಪರೀಕ್ಷೆಗೆ ಒಳಗಾಗುತ್ತಾನೆ. ಸ್ವಲ್ಪ ಸಂಚಕಾರ ಕೊಟ್ಟು ಕರಾರು ಮಾಡಿಕೊಂಡು, ಉಳಿದ ಹಣ ಹೊಂದಿಸದೆ, ಹೆಚ್ಚಿನ ಬೆಲೆಗೆ ಗಿರಾಕಿ ಹುಡುಕುತ್ತ ವರ್ಷಗಟ್ಟಲೆ ರೈತನ ಹೊಲವನ್ನು ಕಟ್ಟಿಹಾಕುವವರೂ ಇದ್ದಾರೆ. ಅದಕ್ಕೇ ಕಾಯ್ದೆ, ತಾನು ಹಣದೊಂದಿಗೆ ಸದಾ ಸಿದ್ಧನಿದ್ದೆ, ಮನಸ್ಸೂ ಇತ್ತು ಎಂದು ಸಾಬೀತು ಮಾಡದ ಕೊಳ್ಳುವವನಿಗೆ ಹೊಲ ಕೊಡಿಸುವುದಿಲ್ಲ. ದಾವೆಗೂ ಸಾಮಾನ್ಯವಾಗಿ ಗೊತ್ತುಮಾಡಿದ ದಿನದಿಂದ, ದಿನ ಗೊತ್ತುಮಾಡಿಲ್ಲದಿದ್ದರೆ ಮಾತು ನಡೆಸಲು ನಿರಾಕರಿಸಿದ್ದು ತಿಳಿದಂದಿನಿಂದ, ಮೂರೇ ವರ್ಷದ ಗಡುವು ಇಟ್ಟಿದೆ.

ಮಾತು ಮುರಿದು ನಷ್ಟ ತುಂಬಿಕೊಟ್ಟರೆ ಸಾಲದೇ ಎಂಬ ವಾದವೊಂದಿದೆ. ಅಮೆರಿಕದ ನ್ಯಾಯಾಧೀಶ ಹೋಮ್ಸ್ 1897ರ ಒಂದು ಪ್ರಸಿದ್ಧ ಭಾಷಣದಲ್ಲಿ, ಕಾಯ್ದೆಯ ಕಣ್ಣಿನಲ್ಲಿ ಕರಾರೆಂದರೆ ಅದನ್ನು ಮುರಿದರೆ ದಂಡ ತೆರಬೇಕಾಗುತ್ತದೆಂಬ ಮುನ್ಸೂಚನೆಯಷ್ಟೇ ಎಂಬರ್ಥದಲ್ಲಿ ಹೇಳಿದ್ದ. ಪೇಟೆಯ ಸರಕಿಗೆ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಒಬ್ಬ ಜೋಳ ಕೊಡದಿದ್ದರೆ ಇನ್ನೊಬ್ಬನಲ್ಲಿ ಕೊಂಡು ಹೆಚ್ಚಾದ ಹಣವನ್ನು ಮೊದಲಿನವನಿಂದ ಪಡೆಯಬಹುದು. ಹೊಲದ ವಿಷಯದಲ್ಲಿ ನಮ್ಮ ಕಾಯ್ದೆ ಹಿಂದಿನಿಂದಲೂ ಬೇರೆ ದೃಷ್ಟಿಯನ್ನೇ ಇಟ್ಟುಕೊಂಡಿದೆ. ಬಾವಿಯ ಪಕ್ಕದ ಆ ನಾಲ್ಕು ಎಕರೆಗೆ ಬದಲಾಗಿ ಬೇರೆ ನಾಲ್ಕು ಎಕರೆ ಬರಲಾರದು. ಹಿರಿಯರನ್ನು ಸ್ವಂತ ಹೊಲದಲ್ಲಿಯೇ ಸಮಾಧಿ ಮಾಡುವ ರೂಢಿ ನಮ್ಮಲ್ಲಿ ಎಷ್ಟೋ ಮನೆತನಗಳಿಗಿದೆ. ಅಂಥ ಹೊಲದ ಕರಾರಿಗೆ ರೂಪಾಯಿಯ ಲೆಕ್ಕ ಸಾಲುವುದಿಲ್ಲವೆಂಬುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಇಲ್ಲಿಯವರೆಗೆ ಮಾತಾಗಿ ಒಡೆತನ ದಾಟದೆ ಉಳಿದ ಸಂಗತಿಯನ್ನು ನೋಡಿದೆವು. ಇದಕ್ಕೆ ತಲೆಕೆಳಗಾದ ಸಂಗತಿಯೊಂದಿದೆ. ರೈತರನ್ನು ಹೆಚ್ಚು ಹಾಳುಮಾಡಿದ್ದು ಅದೇ. ಮಳೆ ಕೈಕೊಟ್ಟ ವರ್ಷ ಸಾಲ ಬೇಕಾಗುತ್ತದೆ. ಸಾಲ ಕೊಡುವವನು ಅಡವು ಬರೆಸಿಕೊಳ್ಳದೆ, "ಹೊಲ ಖರೀದಿ ಮಾಡಿಕೊಡು, ಹಣ ತಿರುಗಿಸಿದ ದಿನ ಮರಳಿ ಬರೆದುಕೊಡುತ್ತೇನೆ" ಎನ್ನುತ್ತಾನೆ. ರೈತ ನಂಬುತ್ತಾನೆ. ಕಾಗದದಲ್ಲಿ ಒಡೆತನ ಪೂರ್ತಿ ದಾಟಿತು; ಉಳಿದದ್ದು ಬಾಯಿಮಾತು. ಮುಂದೆ ಬೆಲೆ ಏರಿದಾಗ, ಇಲ್ಲವೆ ಸಾಲ ಕೊಟ್ಟವನು ತೀರಿಕೊಂಡು ಮಕ್ಕಳು ಕಾಗದ ಬಿಚ್ಚಿ ನೋಡಿದಾಗ, ಆ ಬಾಯಿಮಾತು ಗಾಳಿಗೆ ಹೋಗುತ್ತದೆ. ಷರತ್ತಿನ ಖರೀದಿ ಅಡವೆನಿಸಿಕೊಳ್ಳಬೇಕಾದರೆ ಮರಳಿ ಕೊಡುವ ಷರತ್ತು ಅದೇ ಖರೀದಿ ಪತ್ರದಲ್ಲಿಯೇ ಬರೆದಿರಬೇಕೆಂದು 1929ರ ತಿದ್ದುಪಡಿ ಹೇಳುತ್ತದೆ. ಬೇರೆ ಚೀಟಿಯಲ್ಲಿ ಬರೆದರೆ ಅದು ಅಡವೆನಿಸದು. ಬಾಯಿಮಾತನ್ನು ನಂಬಿ ಕೋರ್ಟಿನಲ್ಲಿ ಗೆಲ್ಲುವುದಂತೂ ಬಹಳ ದುಸ್ತರ.

ಇಲ್ಲಿ ಕಾಯ್ದೆಯ ಕಣ್ಣಿಗೆ ಸಾಲ ಕೊಟ್ಟವನೇ ಒಡೆಯ. ಆದರೆ ಅವನ ಅಂತರಂಗಕ್ಕೆ ಗೊತ್ತು, ತಾನು ಒಡೆಯನಲ್ಲ, ಹೊಲವನ್ನು ಕಾದಿಟ್ಟುಕೊಂಡಿರುವವನು ಎಂದು. ಕಾಗದ ತನ್ನ ಹೆಸರಿಗಿದೆಯೆಂದು ಮರಳಿ ಕೊಡದೆ ಹೋದರೆ ಅದು ದರೋಡೆಗೆ ಸಮಾನ. ಕಾಯ್ದೆ ಒಂದು ತಪ್ಪನ್ನು ಹಿಡಿಯಲಾರದೆ ಹೋದ ಮಾತ್ರಕ್ಕೆ ಆ ತಪ್ಪಿಗೆ ಅದು ಅಪ್ಪಣೆ ಕೊಟ್ಟಂತಾಗದು. ಲೋಕಕ್ಕೆ ಕಾಣುವುದನ್ನು ಆಧರಿಸಿ ತೀರ್ಪು ಹೇಳುವುದು ಕಾಯ್ದೆಯ ಧರ್ಮ. ಲೋಕಕ್ಕೆ ಕಾಣದ್ದನ್ನು ನಡೆಸಿಕೊಡಬೇಕಾದ ಹೊಣೆ ಮಾತು ಕೊಟ್ಟವನದು.

ಇದೇ ತರಹದ ಇನ್ನೊಂದು ತೊಡಕು: ಪೂರ್ತಿ ಹಣ ಕೈಸೇರುವ ಮೊದಲೇ ನೆಂಟಸ್ತಿಕೆಯ ನಂಬಿಕೆಯ ಮೇಲೆ ಖರೀದಿ ಮಾಡಿಕೊಡುವುದು. ಬಾಕಿ ಹಣ ಬಾರದಿದ್ದರೆ ಖರೀದಿ ತಾನೇ ರದ್ದಾಗುತ್ತದೆಂದು ಹಲವರ ಭಾವನೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಪತ್ರ ನೋಂದಣಿಯಾಗಿ ಒಡೆತನ ದಾಟಿದ್ದರೆ ಮಾರಿದವನಿಗೆ ಉಳಿಯುವುದು ಬಾಕಿ ಹಣವನ್ನು ಕೇಳುವ ಹಕ್ಕು ಮತ್ತು ಅದಕ್ಕಾಗಿ ಆ ಹೊಲದ ಮೇಲಿನ ಬೋಜಾ. ಒಡೆತನ ಕೈಬಿಟ್ಟ ಮೇಲೆ ಅವನೂ ಮತ್ತೆ ಮಾತಿನ ಹಗ್ಗವನ್ನೇ ಹಿಡಿದು ನಿಂತವನಾಗುತ್ತಾನೆ.

ತನ್ನದಲ್ಲದ್ದನ್ನು ಕೊಡುವೆನೆಂದು ಮಾತು ಕೊಡುವುದೂ ಈ ಪ್ರಶ್ನೆಯ ಒಂದು ಮುಖ. ಅವಿಭಕ್ತ ಕುಟುಂಬದ ಹಿರಿಯಣ್ಣ ಒಬ್ಬನೇ ಕುಳಿತು ಇಡೀ ಹೊಲದ ಕರಾರು ಮಾಡುತ್ತಾನೆ. ಅಕ್ಕತಂಗಿಯರನ್ನು ಕೇಳುವುದೇ ಇಲ್ಲ. ಮಗಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲಿದೆಯೆಂದು ಆಂಧ್ರಪ್ರದೇಶ 1986ರಲ್ಲಿ, ತಮಿಳುನಾಡು 1989ರಲ್ಲಿ, ಕರ್ನಾಟಕ ಮತ್ತು ಮಹಾರಾಷ್ಟ್ರ 1994ರಲ್ಲಿ ತಮ್ಮ ತಮ್ಮ ಮಿತಿಯೊಳಗೆ ಕಾಯ್ದೆ ಮಾಡಿದವು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಆ ವರ್ಷ ತಂದೆ ಬದುಕಿರಲಿ ಇಲ್ಲದಿರಲಿ ಮಗಳಿಗೆ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. ಕೇರಳವಾದರೋ 1975ರ ಕಾಯ್ದೆಯಿಂದ ಅವಿಭಕ್ತ ಕುಟುಂಬದ ಪದ್ಧತಿಯನ್ನೇ ತೆಗೆದುಹಾಕಿದೆ. ಮನೆತನದ ನಿಜವಾದ ಅಗತ್ಯಕ್ಕಾಗಿ ಯಜಮಾನನು ಮಾರುವ ಅಧಿಕಾರ ಮಿತಾಕ್ಷರಾ ಪದ್ಧತಿಯಲ್ಲಿ ಉಂಟಾದರೂ ಆ ಅಗತ್ಯವನ್ನು ಮುಂದೆ ತೋರಿಸಿಕೊಡಬೇಕಾಗುತ್ತದೆ. ಅಕ್ಕತಂಗಿಯರ ಒಡೆತನವನ್ನು ಅಣ್ಣನ ಕರಾರು ಕರಗಿಸಲಾರದು. ಪಾಲಾಗದ ಬಂಧುಗಳ ಒಪ್ಪಿಗೆ ಅನಿವಾರ್ಯವೆಂದು ವಿಜ್ಞಾನೇಶ್ವರ ಒಂಬತ್ತು ನೂರು ವರ್ಷಗಳ ಹಿಂದೆ ಹೇಳಿದ ಮಾತಿಗೆ ಇಂದು ಹೆಣ್ಣುಮಕ್ಕಳೂ ಸೇರಿದ್ದಾರೆ, ಇಷ್ಟೇ.

ಇಷ್ಟೆಲ್ಲ ನೋಡಿದ ಮೇಲೆ ಮೂಲದ ಪ್ರಶ್ನೆಗೆ ಬರೋಣ. ಕರಾರು ದೊಡ್ಡದೋ ಒಡೆತನ ದೊಡ್ಡದೋ? ಒಡೆತನವೇ ಇಲ್ಲದಿದ್ದರೆ ಕೊಡುವುದಕ್ಕೆ ನಮ್ಮ ಬಳಿ ಏನೂ ಇರದು, ಕರಾರು ಬರಿದಾಗುತ್ತದೆ. ಕರಾರೇ ಇಲ್ಲದಿದ್ದರೆ ಒಡೆತನ ಬೇಲಿಯೊಳಗೆ ಕೂತ ಹಾಳು ಹೊಲದಂತೆ. ಉಳಲಾರದ ಮುದುಕನ ಕೈಯಲ್ಲಿ ಹೊಲ ಬೀಳು ಬಿದ್ದಿರುತ್ತದೆ, ಉಳಬಲ್ಲ ತರುಣ ಕೈಕಟ್ಟಿ ನಿಂತಿರುತ್ತಾನೆ. ಹದಿನೆಂಟನೆಯ ಶತಮಾನದ ತತ್ತ್ವಜ್ಞಾನಿ ಹ್ಯೂಮ್ ಸಮಾಜ ನಿಲ್ಲಲು ಮೂರು ನಿಯಮ ಬೇಕೆಂದಿದ್ದ: ಇದ್ದವನ ವಸ್ತು ಅವನಲ್ಲೇ ಭದ್ರವಾಗಿರುವುದು, ಅವನ ಒಪ್ಪಿಗೆಯಿಂದಲೇ ಅದು ಬೇರೆಯವರಿಗೆ ದಾಟುವುದು, ಕೊಟ್ಟ ಮಾತು ನಡೆಯುವುದು. ಮೂರರಲ್ಲಿ ಒಂದು ಮುರಿದರೂ ಉಳಿದೆರಡು ನಿಲ್ಲಲಾರವು.

ಹಾಗಾದರೆ ಹಿರಿಯರೂ ಸರಿ, ವಕೀಲರೂ ಸರಿ. ಲೋಕದ ಎದುರಿಗೆ ಯಾರು ಒಡೆಯ ಎಂಬುದು ವಕೀಲರು ಉತ್ತರಿಸಿದ ಪ್ರಶ್ನೆ. ಮಾತು ಕೊಟ್ಟವನು ಈಗ ಏನು ಮಾಡಬೇಕು ಎಂಬುದು ಹಿರಿಯರು ಉತ್ತರಿಸಿದ ಪ್ರಶ್ನೆ. ಕರಾರಾದ ದಿನದಿಂದ ಖರೀದಿಯ ದಿನದವರೆಗೆ ಮಾರುವವನು ಒಡೆಯನೇ, ಆದರೆ ಕಟ್ಟುಬಿದ್ದ ಒಡೆಯ. ಹೊಲ ಅವನ ಹೆಸರಿನಲ್ಲಿದೆ. ಅದನ್ನು ಮನಸ್ಸಿಗೆ ಬಂದಂತೆ ಇನ್ನೊಬ್ಬನಿಗೆ ಕೊಡುವ ಸ್ವಾತಂತ್ರ್ಯವನ್ನು ಅವನೇ ತನ್ನ ಕೈಯಾರೆ ಕೊಟ್ಟುಬಿಟ್ಟಿದ್ದಾನೆ.

ಸದ್ಭಕ್ತರು ನಿತ್ಯದ ವ್ಯವಹಾರದಲ್ಲಿ ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದು ಒಳಿತು. ಕರಾರನ್ನು ಬರವಣಿಗೆಯಲ್ಲಿಯೇ ಮಾಡಿಕೊಳ್ಳಿರಿ. ಗಡುವು, ಬೆಲೆ, ಚೆಕ್ಕುಬಂದಿ ಎಲ್ಲವನ್ನೂ ಕಾಣಿಸಿರಿ. ಕರಾರಿನ ಮೇಲೆ ಕಬ್ಜಾ ಪಡೆಯುವವರು ಅದನ್ನು ನೋಂದಣಿ ಮಾಡಿಸತಕ್ಕದ್ದು; 2001ರ ತಿದ್ದುಪಡಿಯ ನಂತರ ನೋಂದಣಿಯಿಲ್ಲದ ಕರಾರಿನಿಂದ ಕಬ್ಜೆಗೆ ಮೊದಲಿನ ರಕ್ಷಣೆ ದೊರೆಯುವುದಿಲ್ಲ. ಮುದ್ರಾಂಕ ಶುಲ್ಕ ಮತ್ತು ಕೃಷಿಭೂಮಿ ಕೊಳ್ಳುವ ಅರ್ಹತೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಗಡಿ ದಾಟಿ ಹೊಲ ಕೊಳ್ಳುವವರು ಆಯಾ ರಾಜ್ಯದ ವಕೀಲರನ್ನೇ ಕೇಳಬೇಕು. ಬರಿಯ ಮುಖತ್ಯಾರ ಪತ್ರದ ಮೇಲೆ ಆಸ್ತಿ ಕೊಂಡರೆ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿದೆ. ಏಳು-ಬಾರಾ ಉತಾರ, ಪಹಣಿ, ಪಟ್ಟಾ ಇವುಗಳಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬಂದಂತಲ್ಲ; ಅವು ಮುಖ್ಯವಾಗಿ ಕಂದಾಯದ ದಾಖಲೆಗಳು. ಸಾಲಕ್ಕೆ ಅಡವು ಬರೆದುಕೊಡಿರಿ, ಖರೀದಿ ಬರೆದುಕೊಡಬೇಡಿರಿ.

ಇಷ್ಟು ಎಚ್ಚರಿಕೆ ವಹಿಸಿದರೂ ಕಾಗದ ಮುಟ್ಟಲಾರದ ಕೆಲವು ದಿನಗಳು ಪ್ರತಿಯೊಂದು ವ್ಯವಹಾರದಲ್ಲೂ ಉಳಿಯುತ್ತವೆ. ಸಂಚಕಾರ ಕೈಸೇರಿದೆ, ಖರೀದಿ ಇನ್ನೂ ಆಗಿಲ್ಲ, ಯಾರೋ ಹೆಚ್ಚಿನ ಬೆಲೆ ಹಿಡಿದು ಅಂಗಳಕ್ಕೆ ಬಂದಿದ್ದಾರೆ. ಆ ದಿನ "ಈ ಹೊಲದ ಮಾತಾಗಿದೆ ಯಜಮಾನರೇ, ಮುಂದೆ ಹೋಗಿರಿ" ಎನ್ನಬಲ್ಲವನು ಮನೆಯಲ್ಲಿದ್ದರೆ ಆ ಮನೆಯ ಕರಾರಿಗೆ ಕೋರ್ಟಿನ ಅವಶ್ಯಕತೆ ಬೀಳುವುದಿಲ್ಲ. ಬಂದವನೂ ಆ ಮಾತು ಕೇಳಿ ಹಿಂತಿರುಗಿ ಹೋದರೆ, ಊರಿನಲ್ಲಿ ಮುಂದೆ ಅವನ ಮಾತಿಗೂ ಅಷ್ಟೇ ಬೆಲೆ ಬರುತ್ತದೆ.